ಹಣವಿದೆ, ಕಾಗದ ಎಲ್ಲಿದೆ?

ಪಿಯುಸಿ ಫಲಿತಾಂಶ ಬಂದ ಮೇಲೆ ಅಂಗವಿಕಲ ಮಕ್ಕಳ ಪೋಷಕರು ಜಿಲ್ಲಾ ಕಚೇರಿಗಳಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಕಾಲೇಜಿಗೆ ಸೇರಿಸಬೇಕು, ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?’ ಸಿಗುತ್ತದೆ. ಕೇಂದ್ರದ್ದಿದೆ, ರಾಜ್ಯದ್ದಿದೆ, ತಾಂತ್ರಿಕ ಶಿಕ್ಷಣಕ್ಕೆ ಬೇರೆಯದೇ ಇದೆ, ಊರಿನ ಗ್ರಾಮ ಪಂಚಾಯಿತಿಯಲ್ಲೂ ಒಂದು ಪಾಲಿದೆ. ತೊಂದರೆ ಇರುವುದು ಆ ಪ್ರಶ್ನೆಯ ಹೊತ್ತಿನಲ್ಲಿ. ಅದನ್ನು ಕೇಳಬೇಕಾದದ್ದು ಮಗು ಒಂಬತ್ತನೇ ತರಗತಿಯಲ್ಲಿದ್ದಾಗ. ಫಲಿತಾಂಶ ಬಂದ ಮೇಲೆ ಕೇಳಿದರೆ ಅರ್ಜಿಯ ಕೊನೆಯ ದಿನಾಂಕಕ್ಕೂ ಆಸ್ಪತ್ರೆಯ ಮಂಡಳಿ ಕೂರುವ ದಿನಾಂಕಕ್ಕೂ ತಾಳೆಯಾಗದೆ ಒಂದು ವರ್ಷದ ಹಣ ಕೈತಪ್ಪುತ್ತದೆ. ಕೆಲವು ಯೋಜನೆಗಳಲ್ಲಿ ಮೊದಲ ವರ್ಷ ತಪ್ಪಿದರೆ ಕೋರ್ಸು ಮುಗಿಯುವವರೆಗೂ ತಪ್ಪಿದಂತೆಯೇ.

ಈ ಸಹಾಯ ಯಾರದೋ ದಯೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1995ರ ಅಂಗವಿಕಲರ ಕಾಯ್ದೆ 1996ರ ಫೆಬ್ರುವರಿ 7ರಂದು ಜಾರಿಗೆ ಬಂದಾಗ ಸರ್ಕಾರಿ ಮತ್ತು ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 3ರಷ್ಟು ಸ್ಥಾನ ಮೀಸಲಾಯಿತು. ಅದರ ಜಾಗಕ್ಕೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5ರಷ್ಟು ಸ್ಥಾನ, ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆ ಸಿಗಬೇಕು. ವಿದ್ಯಾರ್ಥಿವೇತನ ಕೊಡಬೇಕೆಂಬ ಮಾತೂ ಇದೇ ಕಾಯ್ದೆಯ 17ನೇ ಕಲಮಿನಲ್ಲಿ ಬರುತ್ತದೆ. ಸೀಟಿನ ವಿಷಯದಲ್ಲಿ ಸಂಸ್ಥೆಗಳು ಮೀನಮೇಷ ಎಣಿಸುತ್ತಿದ್ದಾಗ, 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಶೇಕಡ 5ನ್ನು ಪಾಲಿಸಲೇಬೇಕೆಂದು ಆದೇಶಿಸಿತು.

ಹಳೆಯ ಕಾಯ್ದೆ ಲೆಕ್ಕಕ್ಕೆ ಹಿಡಿದದ್ದು ಏಳು ಬಗೆಯ ಅಂಗವೈಕಲ್ಯವನ್ನು. ಹೊಸದರಲ್ಲಿ 21 ಬಗೆಗಳಿವೆ. ಈ ವ್ಯತ್ಯಾಸ ಅನೇಕ ಮನೆಗಳಿಗೆ ಇನ್ನೂ ತಲುಪಿಲ್ಲ. ತಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣದ ರಕ್ತಹೀನತೆ, ಕಲಿಕಾ ನ್ಯೂನತೆ, ಆಟಿಸಂ, ಸ್ನಾಯುಕ್ಷಯ, ಕುಬ್ಜತೆ, ಆಸಿಡ್ ದಾಳಿಗೆ ತುತ್ತಾದವರ ಸ್ಥಿತಿ, ಎಲ್ಲವೂ ಈಗ ಪಟ್ಟಿಯಲ್ಲಿವೆ. ತಿಂಗಳು ತಿಂಗಳೂ ರಕ್ತ ಹಾಕಿಸಿಕೊಂಡು ಬಂದು ಪರೀಕ್ಷೆ ಬರೆಯುವ ಹುಡುಗನ ತಂದೆ, ‘ನಮ್ಮವನಿಗೆ ಕೈಕಾಲು ಸರಿಯಾಗಿದೆಯಲ್ಲ, ಅಂಗವಿಕಲ ಹೇಗಾಗುತ್ತಾನೆ’ ಎಂದು ಸುಮ್ಮನಾಗಿಬಿಡುತ್ತಾರೆ. ಚಾಮರಾಜನಗರ, ಕೊಡಗು, ಮೈಸೂರು ಭಾಗದ ಬುಡಕಟ್ಟು ಜನರಲ್ಲಿ ಕುಡಗೋಲು ಕಣದ ಕಾಯಿಲೆ ಇರುವುದು ವೈದ್ಯರಿಗೆ ಗೊತ್ತು. ಆ ಹಾಡಿಗಳ ಮಕ್ಕಳಿಗೆ ಅದೇ ಕಾಯಿಲೆ ಕಾಲೇಜಿನ ನೆರವಿಗೂ ಆಧಾರವಾಗಬಲ್ಲದೆಂದು ಹೇಳುವವರು ಬೇಕು.

ನಲವತ್ತರ ಗೆರೆ

ಎಲ್ಲಕ್ಕೂ ಮೊದಲು ಬೇಕಾದದ್ದು ಅಂಗವೈಕಲ್ಯದ ಪ್ರಮಾಣಪತ್ರ. ಈಗ ಅದು ಯುಡಿಐಡಿ ಎಂಬ ಗುರುತಿನ ಚೀಟಿಯ ರೂಪದಲ್ಲಿ, ದೇಶದಾದ್ಯಂತ ಒಂದೇ ಸಂಖ್ಯೆಯೊಂದಿಗೆ ಬರುತ್ತದೆ. ಕೇಂದ್ರದ ‘ಸ್ವಾವಲಂಬನ್’ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ, ಅದರಲ್ಲಿ ಆರಿಸಿಕೊಂಡ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ತಜ್ಞ ವೈದ್ಯರು ಪರೀಕ್ಷಿಸಿ ಶೇಕಡಾವಾರು ಪ್ರಮಾಣವನ್ನು ನಿಗದಿ ಮಾಡುತ್ತಾರೆ. ಚೀಟಿಯ ಮೇಲಿನ ಪಟ್ಟಿ ಬಿಳಿಯಾಗಿದ್ದರೆ ಪ್ರಮಾಣ ಶೇಕಡ 40ಕ್ಕಿಂತ ಕಡಿಮೆ, ಹಳದಿಯಾಗಿದ್ದರೆ 40ರಿಂದ 80ರೊಳಗೆ, ನೀಲಿಯಾಗಿದ್ದರೆ 80 ಮತ್ತು ಅದಕ್ಕೂ ಹೆಚ್ಚು ಎಂದರ್ಥ.

ವಿದ್ಯಾರ್ಥಿವೇತನದ ಬಾಗಿಲು ತೆರೆಯುವುದು ಈ 40ರ ಗೆರೆ ದಾಟಿದವರಿಗೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿರುವ ಮಗುವಿಗೆ ವೈದ್ಯಕೀಯ ಮಾರ್ಗಸೂಚಿ ಕೊಡುವುದು ಶೇಕಡ 30. ಅಂದರೆ ಬಿಳಿ ಪಟ್ಟಿ. ಅಂಥ ಮಗುವಿನ ತಾಯಿಗೆ ಇದು ಅನ್ಯಾಯವೆನಿಸುವುದು ಸಹಜ, ಆದರೆ ನಿಯಮ ಇರುವುದು ಹಾಗೆ. ಪ್ರಮಾಣ ನಿಗದಿಯಲ್ಲೇ ತಪ್ಪಾಗಿದೆ ಎನ್ನಿಸಿದರೆ ದಾರಿಯುಂಟು. ಕಾಯ್ದೆಯ 59ನೇ ಕಲಮಿನಂತೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. 36 ಅಥವಾ 38 ಎಂದು ಬರೆಸಿಕೊಂಡು ಮನೆಗೆ ಬಂದವರಲ್ಲಿ ಮೇಲ್ಮನವಿಯ ಯೋಚನೆ ಮಾಡುವವರು ಅಪರೂಪ. ‘ಡಾಕ್ಟರು ಬರೆದದ್ದು ಬ್ರಹ್ಮ ಬರೆದದ್ದು’ ಎಂದುಕೊಳ್ಳುವವರೇ ಹೆಚ್ಚು.

ಗೆರೆಯ ಕೆಳಗಿದ್ದವರಿಗೆ ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿ ಸುಪ್ರೀಂ ಕೋರ್ಟಿನ ತನಕ ಹೋದರು. ಪರೀಕ್ಷೆಯಲ್ಲಿ ಬರಹಗಾರರ ನೆರವನ್ನು 40ರ ಗೆರೆ ದಾಟಿದವರಿಗಷ್ಟೇ ಸೀಮಿತಗೊಳಿಸುವಂತಿಲ್ಲ ಎಂದು ಕೋರ್ಟು 2021ರ ಫೆಬ್ರುವರಿ 11ರಂದು ಹೇಳಿತು. ಇನ್ನು ಗೆರೆ ದಾಟಿದ್ದೇ ತಪ್ಪೆಂಬಂತೆ ವೈದ್ಯಕೀಯ ಕೋರ್ಸಿನಿಂದ ಹೊರಗಿಡುತ್ತಿದ್ದ ಪರಿಪಾಠಕ್ಕೂ ಅದೇ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ ತಡೆ ಹಾಕಿತು. ಮಾತಿನ ತೊಂದರೆಯಿದ್ದ ವಿದ್ಯಾರ್ಥಿಯೊಬ್ಬರ ಪ್ರಕರಣ ಅದು. ಶೇಕಡಾವಾರು ಪ್ರಮಾಣವೊಂದನ್ನೇ ನೋಡಿ ಯಾರನ್ನೂ ಅನರ್ಹರೆನ್ನಬಾರದು, ಓದು ಮುಗಿಸಬಲ್ಲರೇ ಎಂಬುದನ್ನು ಮಂಡಳಿ ಪರಿಶೀಲಿಸಬೇಕು ಎಂಬುದು ತೀರ್ಪಿನ ಸಾರ.

ಪ್ರಮಾಣಪತ್ರದಲ್ಲಿ ಶಾಶ್ವತ ಮತ್ತು ತಾತ್ಕಾಲಿಕ ಎಂಬ ಎರಡು ಬಗೆಯಿದೆ. ಸ್ಥಿತಿ ಬದಲಾಗಬಹುದೆಂದು ವೈದ್ಯರಿಗೆ ಅನಿಸಿದರೆ ತಾತ್ಕಾಲಿಕ ಪತ್ರ ಕೊಟ್ಟು ಅವಧಿಯ ಕೊನೆಯ ದಿನಾಂಕ ನಮೂದಿಸುತ್ತಾರೆ. ಪತ್ರವನ್ನು ಬೀರುವಿನಲ್ಲಿ ಭದ್ರವಾಗಿಟ್ಟವರು ಆ ದಿನಾಂಕವನ್ನು ಮರೆಯುತ್ತಾರೆ. ಎರಡನೇ ವರ್ಷದ ಅರ್ಜಿ ತಿರಸ್ಕೃತವಾದಾಗಷ್ಟೇ ಅದು ನೆನಪಿಗೆ ಬರುತ್ತದೆ.

ಇದೆಲ್ಲ ಗೊತ್ತಿದ್ದೂ ಪ್ರಮಾಣಪತ್ರ ಮಾಡಿಸದ ಪೋಷಕರಿದ್ದಾರೆ. ಗಂಡುಮಕ್ಕಳ ವಿಷಯದಲ್ಲಿ ಹಿಂಜರಿಕೆ ಕಡಿಮೆ. ಹೆಣ್ಣುಮಕ್ಕಳದ್ದಾದರೆ ‘ನಾಳೆ ಸಂಬಂಧ ನೋಡುವಾಗ ಇದು ಹೊರಗೆ ಬಂದರೆ?’ ಎಂಬ ಅಂಜಿಕೆ ಮುಂದೆ ಬಂದು ನಿಲ್ಲುತ್ತದೆ. ಕಿವಿ ಮಂದವಾಗಿರುವುದನ್ನೋ, ಕಣ್ಣಿನ ದೋಷವನ್ನೋ, ಮೂರ್ಛೆಯನ್ನೋ ಮುಚ್ಚಿಟ್ಟು ಹತ್ತನೇ ತರಗತಿ ದಾಟಿಸುತ್ತಾರೆ. ಮುಚ್ಚಿಟ್ಟದ್ದಕ್ಕೆ ಬೆಲೆ ತೆರುವವಳು ಹುಡುಗಿ. ಅವಳಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಸಿಗಬೇಕಾದ ಹೆಚ್ಚುವರಿ ಸಮಯ ಹೋಯಿತು, ಮೀಸಲು ಸೀಟು ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಕೊನೆಗೆ ಫೀಸು ಹೊಂದಿಸಲಾಗದೆ ಓದು ನಿಂತರೆ, ಸಂಬಂಧ ನೋಡುವ ಮಾತು ಹದಿನೆಂಟಕ್ಕೇ ಶುರುವಾಗುತ್ತದೆ. ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೇ ಮೀಸಲಿದೆ ಎಂಬುದು ಇಂಥ ಮನೆಗಳಿಗೆ ತಿಳಿಯಬೇಕು. ಚೀಟಿ ಇದ್ದ ಮಾತ್ರಕ್ಕೆ ಅದನ್ನು ಎಲ್ಲರಿಗೂ ತೋರಿಸಬೇಕಿಲ್ಲ. ಕೇಳಿದ ಕಚೇರಿಗೆ ತೋರಿಸಿದರಾಯಿತು.

ಒಂದೇ ಹೆಸರು, ನಾಲ್ಕು ರೂಪ

ಚೀಟಿ ಬಂತು ಎನ್ನೋಣ. ಮುಂದಿನ ಎಡವು ಹೆಸರಿನಲ್ಲಿದೆ. ಕನ್ನಡನಾಡಿನಲ್ಲಿ ಊರಿನ ಮತ್ತು ತಂದೆಯ ಹೆಸರು ಇನಿಷಿಯಲ್ಲುಗಳಾಗಿ ಹಿಂದೆಯೋ ಮುಂದೆಯೋ ಕೂರುವುದು ವಾಡಿಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ. ಮಂಜುನಾಥ’, ಆಧಾರದಲ್ಲಿ ‘ಮಂಜುನಾಥ ಮಲ್ಲಪ್ಪ’, ಬ್ಯಾಂಕಿನ ಪುಸ್ತಕದಲ್ಲಿ ‘ಮಂಜುನಾಥ್ ಎಂ’, ಯುಡಿಐಡಿಯಲ್ಲಿ ಆಸ್ಪತ್ರೆಯ ಗುಮಾಸ್ತರಿಗೆ ಕೇಳಿಸಿದಂತೆ ಇನ್ನೊಂದು. ಊರಿನಲ್ಲಿ ಎಲ್ಲರಿಗೂ ಅವನು ಮಂಜನೇ. ಕಂಪ್ಯೂಟರಿಗೆ ಮಾತ್ರ ನಾಲ್ಕು ಜನ ಬೇರೆ ಬೇರೆ. ಅಂಕಪಟ್ಟಿಯ ಹೆಸರನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಆದ್ದರಿಂದ ಅದನ್ನೇ ಮೂಲವೆಂದು ಇಟ್ಟುಕೊಂಡು ಉಳಿದ ಮೂರನ್ನು ಅದಕ್ಕೆ ಹೊಂದಿಸುವುದು ಜಾಣತನ. ಒಂಬತ್ತನೇ ತರಗತಿಯಲ್ಲೇ ಆಧಾರ ಸರಿಯಿದ್ದರೆ ಅಂಕಪಟ್ಟಿಯೂ ಹಾಗೇ ಬರುವಂತೆ ಶಾಲೆಯಲ್ಲಿ ನೋಡಿಕೊಳ್ಳಬಹುದು. ಈ ಕೆಲಸವನ್ನು ಎರಡು ವರ್ಷ ಮೊದಲೇ ಶುರುಮಾಡಿ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬ್ಯಾಂಕ್ ಖಾತೆಯದು ಇನ್ನೊಂದು ಕಥೆ. ವಿದ್ಯಾರ್ಥಿವೇತನ ಈಗ ನೇರವಾಗಿ ಆಧಾರ ಜೋಡಣೆಯಾದ ಖಾತೆಗೆ ಹೋಗುತ್ತದೆ. ಅರ್ಜಿಯಲ್ಲಿ ಬರೆದ ಖಾತೆ ಯಾವುದೇ ಇರಲಿ, ಆಧಾರವನ್ನು ಕಡೆಯದಾಗಿ ಜೋಡಿಸಿದ ಖಾತೆ ಯಾವುದೋ ಹಣ ಹೋಗುವುದು ಅಲ್ಲಿಗೆ. ಮೊಬೈಲ್ ಸಿಮ್ ಕೊಳ್ಳುವಾಗಲೋ ಯಾವುದೋ ಮೇಳದಲ್ಲೋ ತೆರೆದು ಮರೆತ ಖಾತೆಯೊಂದರಲ್ಲಿ ಹಣ ಸುಮ್ಮನೆ ಕೂತಿರುತ್ತದೆ, ಇತ್ತ ಹುಡುಗ ‘ನನಗೆ ಬಂದೇ ಇಲ್ಲ’ ಎಂದು ಕಚೇರಿ ಅಲೆಯುತ್ತಿರುತ್ತಾನೆ. ಬ್ಯಾಂಕಿನಲ್ಲಿ ‘ನನ್ನ ಆಧಾರ ಯಾವ ಖಾತೆಗೆ ಜೋಡಣೆಯಾಗಿದೆ’ ಎಂದು ಒಂದು ಮಾತು ಕೇಳಿದರೆ ಅಲೆದಾಟ ತಪ್ಪುತ್ತದೆ.

ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ರಾಜ್ಯದ ಅರ್ಜಿಯಲ್ಲಿ ಆ ಪತ್ರದ ಆರ್‌ಡಿ ಸಂಖ್ಯೆಯನ್ನೇ ಕೇಳುವುದರಿಂದ ಅದನ್ನು ಬೇರೆ ಕಡೆ ಬರೆದಿಟ್ಟುಕೊಂಡರೆ ಒಳ್ಳೆಯದು.

ಯಾವುದನ್ನು ಆರಿಸಬೇಕು?

ಕೇಂದ್ರದ ಯೋಜನೆಗಳಿಗೆಲ್ಲ ಅರ್ಜಿ ಹಾಕುವ ಜಾಗ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್. ಇಲ್ಲಿ ಹೆಸರಿನ ಇನ್ನೊಂದು ಗೊಂದಲವಿದೆ. ಕನ್ನಡದಲ್ಲಿ ಅಂಗವಿಕಲ ಎಂದಿದ್ದದ್ದು ರಾಜ್ಯ ಸರ್ಕಾರದ ಕಡತದಲ್ಲಿ ವಿಕಲಚೇತನ ಆಯಿತು, ಕೇಂದ್ರದಲ್ಲಿ ದಿವ್ಯಾಂಗ ಆಯಿತು. ಪದ ಬದಲಿಸುವ ಉತ್ಸಾಹ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟುವುದರಲ್ಲೂ ಇದ್ದಿದ್ದರೆ ಚೆನ್ನಾಗಿತ್ತು. ಅದಿರಲಿ, ಪೋರ್ಟಲ್ಲಿನಲ್ಲಿ ಹುಡುಕುವವರು ದಿವ್ಯಾಂಗಜನ ಸಬಲೀಕರಣ ಇಲಾಖೆ ಎಂಬ ಹೆಸರಿನಡಿ ನೋಡಬೇಕು.

2021-22ರಿಂದ 2025-26ರವರೆಗಿನ ಅವಧಿಗೆ ರೂಪಿಸಿದ ನಿಯಮಗಳ ಪ್ರಕಾರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 9 ಮತ್ತು 10ನೇ ತರಗತಿಗೆ. ಮೆಟ್ರಿಕ್ ನಂತರದ್ದು ಪಿಯುಸಿಯಿಂದ ಸ್ನಾತಕೋತ್ತರ ಪದವಿಯವರೆಗೆ. ಎರಡಕ್ಕೂ ಪೋಷಕರ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿ ಮೀರಿರಬಾರದು. ಮೆಟ್ರಿಕ್ ನಂತರದ್ದಕ್ಕೆ ಇಡೀ ದೇಶಕ್ಕೆ ವರ್ಷಕ್ಕೆ 17,000 ಸ್ಥಾನ. ಇಷ್ಟು ದೊಡ್ಡ ದೇಶಕ್ಕೆ ಇದು ಏನೇನೂ ಸಾಲದು. 2011ರ ಜನಗಣತಿಯಲ್ಲಿ ಕರ್ನಾಟಕವೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಒಂದೇ ತಂದೆತಾಯಿಯ ಇಬ್ಬರು ಮಕ್ಕಳಿಗಿಂತ ಹೆಚ್ಚಿನವರಿಗೆ ಇದು ಸಿಗದು. ಅನುತ್ತೀರ್ಣರಾಗಿ ಅದೇ ತರಗತಿಯಲ್ಲಿ ಮತ್ತೆ ಕೂತರೆ ಆ ವರ್ಷಕ್ಕೂ ಸಿಗದು.

ಇದರ ಜೊತೆಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ‘ಸಕ್ಷಮ್’ ಎಂಬ ಯೋಜನೆ ಇದೆ. ಮಂಡಳಿಯ ಮಾನ್ಯತೆ ಪಡೆದ ಕಾಲೇಜಿನಲ್ಲಿ ತಾಂತ್ರಿಕ ಡಿಪ್ಲೊಮಾ ಅಥವಾ ಪದವಿಗೆ ಸೇರಿದವರಿಗೆ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯಮಿತಿ 8 ಲಕ್ಷ. ಮೊದಲ ವರ್ಷಕ್ಕೆ, ಇಲ್ಲವೇ ಲ್ಯಾಟರಲ್ ಪ್ರವೇಶದ ಮೂಲಕ ಎರಡನೇ ವರ್ಷಕ್ಕೆ ಸೇರಿದಾಗಲೇ ಅರ್ಜಿ ಹಾಕಬೇಕು. ಆ ವರ್ಷ ಕೈಬಿಟ್ಟರೆ ಮುಂದೆ ಕೇಳುವಂತಿಲ್ಲ.

ಒಂದು ವಿದ್ಯಾರ್ಥಿವೇತನ ಪಡೆಯುವವರು ಅದೇ ಓದಿಗೆ ಸರ್ಕಾರದ ಇನ್ನೊಂದನ್ನು ಪಡೆಯುವಂತಿಲ್ಲ. ಇಲ್ಲೇ ಲೆಕ್ಕಾಚಾರ ಬೇಕಾಗುವುದು. ಹಾವೇರಿ ಕಡೆಯ ಹಳ್ಳಿಯೊಂದರ ಮಂದದೃಷ್ಟಿಯ ಹುಡುಗಿಯೊಬ್ಬಳು ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಸೇರಿದ್ದಾಳೆ, ದಿನಾ ಮನೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಾಳೆ, ತಂದೆ ಕೂಲಿ ಕೆಲಸದವರು ಎಂದಿಟ್ಟುಕೊಂಡರೆ, ಮೆಟ್ರಿಕ್ ನಂತರದ ವೇತನದಲ್ಲಿ ಅವಳಿಗೆ ಸಿಗುವುದು ತಿಂಗಳಿಗೆ 550 ರೂಪಾಯಿ, ವರ್ಷಕ್ಕೆ ಅಂಗವೈಕಲ್ಯ ಭತ್ಯೆ 4,000, ಪುಸ್ತಕಕ್ಕೆ 1,500. ಒಟ್ಟು ಹನ್ನೆರಡು ಸಾವಿರದ ಆಸುಪಾಸು, ಜೊತೆಗೆ ಕಾಲೇಜಿನ ಶುಲ್ಕ. ಸರ್ಕಾರಿ ಪಾಲಿಟೆಕ್ನಿಕ್ಕಿನ ಶುಲ್ಕ ಅಷ್ಟೇನೂ ದೊಡ್ಡದಲ್ಲ. ಆದ್ದರಿಂದ ಅವಳಿಗೆ ಸಕ್ಷಮ್‌ನ ಐವತ್ತು ಸಾವಿರವೇ ಲಾಭ.

ಅವಳೇ ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ ವರ್ಷಕ್ಕೆ ಒಂದು ಲಕ್ಷ ಶುಲ್ಕ ಕಟ್ಟಬೇಕಾಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಮೆಟ್ರಿಕ್ ನಂತರದ ಯೋಜನೆ ಬೋಧನಾ ಶುಲ್ಕವನ್ನು ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಭರಿಸುತ್ತದೆ. ಎಂಜಿನಿಯರಿಂಗ್, ವೈದ್ಯಕೀಯ ಪದವಿಗೆ ಮಾಸಿಕ ಭತ್ಯೆಯೂ ಹೆಚ್ಚು, ಮನೆಯಿಂದ ಹೋಗುವವರಿಗೆ 750, ಹಾಸ್ಟೆಲಿನಲ್ಲಿರುವವರಿಗೆ 1,600. ಆಗ ಇದೇ ಮೇಲು, ಆದರೆ ಆದಾಯ ಎರಡೂವರೆ ಲಕ್ಷದೊಳಗೆ ಇರಬೇಕು. ಪ್ರಾಥಮಿಕ ಶಾಲೆಯ ಮೇಷ್ಟರ ಮಗನಿಗೆ ಅದು ದಕ್ಕದು, ಅವನಿಗೆ ಸಕ್ಷಮ್ ದಕ್ಕಬಹುದು. ಬಿ.ಎ., ಬಿ.ಕಾಂ. ಸೇರುವವರಿಗೆ ಸಕ್ಷಮ್ ಇಲ್ಲ. ಮೆಟ್ರಿಕ್ ನಂತರದ ವೇತನವೋ ರಾಜ್ಯದ್ದೋ ಎಂಬ ಎರಡರ ನಡುವೆ ಆಯ್ಕೆ. ಅಂಗವಿಕಲ ಮಕ್ಕಳಲ್ಲಿ ಕಲಾ ಪದವಿಗೆ ಸೇರುವವರೇ ಬಹಳ ಜನ ಇರುವಾಗ ತಿಂಗಳಿಗೆ 650 ರೂಪಾಯಿಯ ಭತ್ಯೆ ಯಾವ ಮೂಲೆಗೆ ಎಂದು ಯೋಜನೆ ಮಾಡುವವರು ಯೋಚಿಸಬೇಕಿತ್ತು.

ಐಐಟಿ, ಎನ್‌ಐಟಿ, ಐಐಎಂಗಳಂಥ ಅಧಿಸೂಚಿತ ಸಂಸ್ಥೆಗಳಿಗೆ ಸೇರುವವರಿಗೆ ‘ಟಾಪ್ ಕ್ಲಾಸ್’ ಎಂಬ ಬೇರೆ ವೇತನವಿದೆ. ವರ್ಷಕ್ಕೆ 300 ಜನರಿಗೆ ಮಾತ್ರ. ಬೋಧನಾ ಶುಲ್ಕ ಎರಡು ಲಕ್ಷದವರೆಗೆ, ಅದರ ಮೇಲೆ ಕಂಪ್ಯೂಟರು ಮತ್ತು ಸಹಾಯಕ ಸಲಕರಣೆಗೆ ಒಮ್ಮೆ 30,000. ಐಐಟಿಗಳಲ್ಲಂತೂ 2016ರಿಂದ ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವೇ ಮಾಫಿ. ಪಿಎಚ್.ಡಿ. ಮಾಡುವವರಿಗೆ ರಾಷ್ಟ್ರೀಯ ಫೆಲೋಶಿಪ್ ವರ್ಷಕ್ಕೆ 200, ವಿದೇಶದಲ್ಲಿ ಓದಲು 20 ವೇತನಗಳು. ಇವು ಕೆಲವೇ ಜನರ ಮಾತು.

ರಾಜ್ಯದ್ದಕ್ಕೆ ಬಂದರೆ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಒಂದನೇ ತರಗತಿಯಿಂದಲೇ ವಿದ್ಯಾರ್ಥಿವೇತನ ಕೊಡುತ್ತದೆ. ಮೆಟ್ರಿಕ್ ನಂತರ ಶುಲ್ಕ ಮರುಪಾವತಿಯೂ ಇದೆ. ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎನ್ನುವ ಪೋರ್ಟಲ್ಲಿನಲ್ಲಿ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ವಿದ್ಯಾರ್ಥಿಗಳು ತಮ್ಮ ವರ್ಗದ ವಿದ್ಯಾರ್ಥಿವೇತನವನ್ನೂ ಇದರ ಪಕ್ಕಕ್ಕಿಟ್ಟು ನೋಡಿ, ಯಾವುದು ಹೆಚ್ಚೋ ಅದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅಂಗವಿಕಲರೆಂದ ಮಾತ್ರಕ್ಕೆ ಅಂಗವಿಕಲರ ಯೋಜನೆಯೇ ಲಾಭವೆಂದು ಭಾವಿಸಬೇಕಿಲ್ಲ.

ವಿದ್ಯಾರ್ಥಿವೇತನವಲ್ಲದ ನೆರವಿಗೆ ‘ಒಂದೇ’ ಎಂಬ ಈ ಕಟ್ಟು ಇಲ್ಲ. ಎಸ್ಸೆಸ್ಸೆಲ್ಸಿ ನಂತರ ಓದುವ ಅಂಧ ವಿದ್ಯಾರ್ಥಿಗಳಿಗೆ ರಾಜ್ಯದ ಇಲಾಖೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆ ನಡೆಸಿಕೊಂಡು ಬಂದಿದೆ. ಸಾರಿಗೆ ನಿಗಮದ ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಗೆ ನಡೆಯುತ್ತದೆ. ಶ್ರವಣಸಾಧನ, ಗಾಲಿಕುರ್ಚಿ, ಕ್ಯಾಲಿಪರ್‌ಗಳು 1981ರಿಂದ ನಡೆದುಬಂದ ಕೇಂದ್ರದ ಅಡಿಪ್ ಯೋಜನೆಯ ಶಿಬಿರಗಳಲ್ಲಿ ಸಿಗುತ್ತವೆ. ಅಚ್ಚಿನ ಪುಸ್ತಕ ಓದಲಾಗದವರಿಗೆ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯವಿದೆ. ಬೆಂಗಳೂರಿನ ಮಿತ್ರಜ್ಯೋತಿ, ಸಮರ್ಥನಂ ಸಂಸ್ಥೆಗಳು ಬಹಳ ಕಾಲದಿಂದ ಅಂಧ ವಿದ್ಯಾರ್ಥಿಗಳ ಓದಿಗೆ ಆಸರೆಯಾಗಿವೆ. ಖಾಸಗಿ ಪ್ರತಿಷ್ಠಾನಗಳಲ್ಲಿ ಬೆಂಗಳೂರಿನ ಸೀತಾರಾಮ್ ಜಿಂದಾಲ್ ಪ್ರತಿಷ್ಠಾನ ಅಂಗವಿಕಲ ವಿದ್ಯಾರ್ಥಿಗಳನ್ನು ಪ್ರತ್ಯೇಕ ವರ್ಗವಾಗಿ ಪರಿಗಣಿಸುತ್ತದೆ.

ಎಲ್ಲಕ್ಕಿಂತ ಹತ್ತಿರದ, ಎಲ್ಲಕ್ಕಿಂತ ಕಡಿಮೆ ಜನ ತಟ್ಟುವ ಬಾಗಿಲು ಗ್ರಾಮ ಪಂಚಾಯಿತಿಯದು. ಅದರ ಅನುದಾನದಲ್ಲಿ ಶೇಕಡ 5ರಷ್ಟನ್ನು ಅಂಗವಿಕಲರಿಗೆಂದೇ ತೆಗೆದಿಡಬೇಕು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಕಾರ್ಯಕರ್ತರಿದ್ದಾರೆ. ಇವರಲ್ಲಿ ಅನೇಕರು ಸ್ವತಃ ಅಂಗವಿಕಲರು, ತೀರಾ ಕಡಿಮೆ ಗೌರವಧನಕ್ಕೆ ದುಡಿಯುವವರು. ಯಾವ ಆಸ್ಪತ್ರೆಯಲ್ಲಿ ಯಾವ ವಾರ ತಜ್ಞರು ಸಿಗುತ್ತಾರೆ, ಯುಡಿಐಡಿ ಅರ್ಜಿ ಎಲ್ಲಿ ನಿಂತಿದೆ ಎಂಬುದನ್ನು ಇವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ವರ್ಷದ ಕ್ರಿಯಾಯೋಜನೆ ಮಾಡುವ ಗ್ರಾಮಸಭೆಯಲ್ಲಿ ಪೋಷಕರು ಒಂದು ಲಿಖಿತ ಅರ್ಜಿ ಕೊಟ್ಟರೆ ಆ ಶೇಕಡ 5ರಲ್ಲಿ ಮಗುವಿನ ಸಲಕರಣೆಗೆ ಜಾಗ ಸಿಗುವ ಸಂಭವವಿದೆ.

ಪೂಜಾರಿಯ ಕೈಯಲ್ಲಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿನ ಅರ್ಥ ಅರ್ಜಿ ಸಲ್ಲಿಸಿದ ಮೇಲೆ ತಿಳಿಯುತ್ತದೆ. ಕೇಂದ್ರದ ಪೋರ್ಟಲ್ಲಿನಲ್ಲಿ ವಿದ್ಯಾರ್ಥಿ ‘ಸಲ್ಲಿಸು’ ಎಂಬ ಗುಂಡಿ ಒತ್ತಿದರೆ ಕೆಲಸ ಅರ್ಧವಾಯಿತಷ್ಟೇ. ಅದನ್ನು ಮೊದಲು ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಬೇಕು, ಆಮೇಲೆ ರಾಜ್ಯದ ಇಲಾಖೆ. ಕಾಲೇಜು ತನ್ನ ಗಡುವಿನೊಳಗೆ ಪರಿಶೀಲಿಸದಿದ್ದರೆ ಅರ್ಜಿ ಅಲ್ಲೇ ಸತ್ತಂತೆ. ವಿದ್ಯಾರ್ಥಿಗೆ ಯಾರೂ ಕರೆದು ಹೇಳುವುದಿಲ್ಲ. ಅನೇಕ ಕಾಲೇಜುಗಳಲ್ಲಿ ಈ ನೋಡಲ್ ಅಧಿಕಾರಿ ಎಂದರೆ ಪಾಠ, ಪರೀಕ್ಷೆ, ಎನ್‌ಎಸ್‌ಎಸ್ ಶಿಬಿರ ಎಲ್ಲವನ್ನೂ ಹೊತ್ತ ಅಧ್ಯಾಪಕರೊಬ್ಬರು. ನೂರಾರು ಅರ್ಜಿಗಳ ನಡುವೆ ಅಂಗವಿಕಲರ ಎರಡು ಮೂರು ಅರ್ಜಿ ಕಣ್ಣಿಗೆ ಬೀಳದೆ ಹೋಗುವುದು ದುಷ್ಟತನದಿಂದಲ್ಲ, ಮರೆವಿನಿಂದ. ಆದ್ದರಿಂದ ಅರ್ಜಿ ಸಲ್ಲಿಸಿದ ವಾರವೇ ಅದರ ಮುದ್ರಿತ ಪ್ರತಿಯನ್ನು ಅವರ ಕೈಗೆ ಕೊಟ್ಟು ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಬೇಕು. ಪೋರ್ಟಲ್ಲಿನಲ್ಲಿ ಅರ್ಜಿಯ ಸ್ಥಿತಿಯನ್ನು ವಾರಕ್ಕೊಮ್ಮೆ ನೋಡುತ್ತಿರಬೇಕು. ‘ದೋಷಪೂರಿತ’ ಎಂದು ತೋರಿಸಿದರೆ ಹೆದರಬೇಕಿಲ್ಲ, ತಿದ್ದಿ ಮತ್ತೆ ಕಳಿಸಲು ಅವಕಾಶವಿರುತ್ತದೆ, ಆದರೆ ಅದಕ್ಕೂ ಗಡುವುಂಟು.

2024-25ರಿಂದ ಈ ಪೋರ್ಟಲ್ಲಿನಲ್ಲಿ ಮೊದಲು ಒಮ್ಮೆ ನೋಂದಣಿ ಮಾಡಿಕೊಂಡು ಮೊಬೈಲ್ ಕ್ಯಾಮೆರಾದೆದುರು ಮುಖ ತೋರಿಸಿ ಗುರುತು ಖಚಿತಪಡಿಸುವ ಕ್ರಮ ಬಂದಿದೆ. ಕಣ್ಣು ಕಾಣದ ವಿದ್ಯಾರ್ಥಿಗೆ ಮುಖವನ್ನು ಚೌಕಟ್ಟಿನೊಳಗೆ ಹಿಡಿಯುವುದೂ ಕಣ್ಣು ಮಿಟುಕಿಸುವುದೂ ಎಷ್ಟು ಕಷ್ಟವೆಂದು ಇಂಥ ವ್ಯವಸ್ಥೆ ಮಾಡುವವರಿಗೆ ಹೊಳೆಯುವುದೇ ಇಲ್ಲ. ಬ್ಯಾಂಕು, ಸಿಮ್ ಮೊದಲಾದ ಸೇವೆಗಳಲ್ಲಿ ಇದೇ ತೊಂದರೆ ಅನುಭವಿಸಿದ ಆಸಿಡ್ ದಾಳಿ ಸಂತ್ರಸ್ತೆ ಪ್ರಜ್ಞಾ ಪ್ರಸೂನ್ ಮತ್ತು ಅಂಧ ವಕೀಲ ಅಮರ್ ಜೈನ್ ಅವರ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು ತೀರ್ಪಿತ್ತು, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವಂತಿರುವುದು ಬದುಕುವ ಹಕ್ಕಿನ ಭಾಗವೆಂದಿತು. ಮೊಬೈಲ್ ಮುಖವನ್ನು ಒಪ್ಪದಿದ್ದರೆ ಸುಮ್ಮನೆ ಮನೆಗೆ ಹೋಗದೆ, ಈ ತೀರ್ಪನ್ನು ಉಲ್ಲೇಖಿಸಿ ಕಾಲೇಜಿಗೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ ಲಿಖಿತ ದೂರು ಕೊಡಬಹುದು.

‘ಸಾವಿರ ರೂಪಾಯಿ ಕೊಡಿ, ಸ್ಕಾಲರ್‌ಶಿಪ್ ಮಾಡಿಸಿಕೊಡುತ್ತೇನೆ’ ಎನ್ನುವವರು ಎಲ್ಲ ಊರಿನ ಬಸ್ ನಿಲ್ದಾಣದ ಪಕ್ಕದಲ್ಲೂ ಇದ್ದಾರೆ. ಅರ್ಜಿಗೆ ಸರ್ಕಾರ ಶುಲ್ಕ ಕೇಳುವುದಿಲ್ಲ. ಇಂಥವರಿಗೆ ಆಧಾರ ಸಂಖ್ಯೆ, ಮೊಬೈಲಿಗೆ ಬಂದ ಒಟಿಪಿ ಕೊಟ್ಟರೆ ಹೋಗುವುದು ಸಾವಿರ ರೂಪಾಯಿಯಷ್ಟೇ ಅಲ್ಲ.

ಮೊದಲ ಕಂತು ಖಾತೆಗೆ ಬಿದ್ದ ಮೇಲೆ ನವೀಕರಣದ ಮಾತು. ವಿದ್ಯಾರ್ಥಿವೇತನ ತಾನಾಗಿ ಮುಂದುವರಿಯುವುದಿಲ್ಲ. ಪ್ರತಿ ವರ್ಷ ಉತ್ತೀರ್ಣರಾದ ಅಂಕಪಟ್ಟಿಯೊಂದಿಗೆ ಮತ್ತೆ ಅರ್ಜಿ, ಮತ್ತೆ ಕಾಲೇಜಿನ ಪರಿಶೀಲನೆ. ವಿಶ್ವವಿದ್ಯಾಲಯದ ಫಲಿತಾಂಶ ತಡವಾದರೆ ಅಂಕಪಟ್ಟಿ ಬರುವ ಮೊದಲೇ ನವೀಕರಣದ ಗಡುವು ಬಂದುಬಿಡುತ್ತದೆ. ಅಂಥ ವೇಳೆ ಅಂತರ್ಜಾಲದಲ್ಲಿ ಪ್ರಕಟವಾದ ಫಲಿತಾಂಶದ ಪ್ರತಿಗೆ ಪ್ರಾಂಶುಪಾಲರ ಸಹಿ ಪಡೆದು, ಅದನ್ನು ನೋಡಲ್ ಅಧಿಕಾರಿಗೆ ಮುಂಚೆಯೇ ತೋರಿಸಿ, ಒಪ್ಪುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಪೋರ್ಟಲ್ ಸಾಮಾನ್ಯವಾಗಿ ತೆರೆಯುವುದು ಮಳೆಗಾಲದಲ್ಲಿ. ದಸರಾ ರಜೆಗೆ ಊರಿಗೆ ಹೋಗುವ ಮೊದಲು ಅರ್ಜಿಯ ಸ್ಥಿತಿಯನ್ನು ಇನ್ನೊಮ್ಮೆ ನೋಡಿಕೊಂಡು ಹೊರಟರೆ, ರಜೆ ಮುಗಿಸಿ ಬರುವಷ್ಟರಲ್ಲಿ ಗಡುವು ದಾಟಿತ್ತೆಂಬ ಸುದ್ದಿ ಕೇಳಬೇಕಾಗುವುದಿಲ್ಲ.